ಸಕ್ಕರೆ ಕಾಯಿಲೆ ವಾಸಿಯಾದ ರಾಜ್ಯ

ಬಹಳ ಹಿಂದೆ, ರಾಜರ ಕಿರೀಟಕ್ಕಿಂತ ಅವರ ಜಾಹೀರಾತೇ ಹೆಚ್ಚು ಹೊಳೆಯುತ್ತಿದ್ದ ಕಾಲದಲ್ಲಿ, ಮಧುರಾವತಿ ಎಂಬ ರಾಜ್ಯವಿತ್ತು. ಅದರ ಅರಮನೆ ಬಾಗಿಲಲ್ಲಿ ಸಾಕಮ್ಮ ಹೂ ಕಟ್ಟಿ ಮಾರುತ್ತಿದ್ದಳು. ಅವಳ ಹನ್ನೊಂದು ವರ್ಷದ ಮಗಳು ಪದುಮಿಗೆ ಎಳವೆಯಲ್ಲೇ ಸಕ್ಕರೆ ಕಾಯಿಲೆ ಅಂಟಿತ್ತು. ದಿನಕ್ಕೆ ನಾಲ್ಕು ಸಲ ಬೆರಳು ಚುಚ್ಚಿ, ರಕ್ತದ ಹನಿಯನ್ನು ಪರೀಕ್ಷೆಯ ಪಟ್ಟಿಗೆ ತಾಗಿಸಿ, ಯಂತ್ರ ತೋರಿಸಿದ ಅಂಕಿ ನೋಡಿಕೊಂಡು ಸಾಕಮ್ಮ ಇನ್ಸುಲಿನ್ ಕೊಡುತ್ತಿದ್ದಳು. ಅಂಕಿ ತಿಳಿಯದೆ ಕೊಟ್ಟರೆ ಜೀವಕ್ಕೇ ಅಪಾಯ. ಒಂದು ಪಟ್ಟಿ ಒಂದೇ ಸಲಕ್ಕೆ. ಆದರೆ ಬೀದಿಯ ಆಸ್ಪತ್ರೆಯಲ್ಲಿ ಪಟ್ಟಿ ಪುಕ್ಕಟೆ ಸಿಗುತ್ತಿದ್ದುದರಿಂದ ತಾಯಿ ಮಗಳ ಬದುಕು ಹೇಗೋ ಸಾಗಿತ್ತು.

ಹೀಗಿರಲಾಗಿ ಶ್ರೀಮನ್ಮಹಾರಾಜ ಮಧುರಾದಿತ್ಯ ಪ್ರಭುಗಳು ಒಂದು ದಿನ ಆರೋಗ್ಯ ಇಲಾಖೆಯ ಪ್ರಗತಿ ಪರಿಶೀಲನಾ ಸಭೆ ನಡೆಸಿದರು. ಸಕ್ಕರೆ ಕಾಯಿಲೆಯ ಗ್ರಾಫ್ ಮೇಲೇರಿದ್ದನ್ನು ಕಂಡು ಅವರ ಮುಖಕಮಲ ಬಾಡಿತು.

"ನಮ್ಮ ಆಳ್ವಿಕೆಯಲ್ಲಿ ಕಾಯಿಲೆ ಏಕೆ ಹೆಚ್ಚುತ್ತಿದೆ?"

ಮಂತ್ರಿ ಅಂಕಿಶೇಖರ ಕೈಮುಗಿದ. "ಕಾಯಿಲೆ ಹೆಚ್ಚುತ್ತಿಲ್ಲ ಮಹಾಪ್ರಭು, ಪರೀಕ್ಷೆ ಹೆಚ್ಚುತ್ತಿದೆ. ತಾವು ದಯಾಳುಗಳು, ಪಟ್ಟಿ ಕೊಟ್ಟಿರಿ. ಜನ ಚುಚ್ಚಿಕೊಂಡರು. ಅಂಕಿ ಬಂತು."

"ಅಂದರೆ ತಪ್ಪು ನಮ್ಮ ದಯೆಯದು."

"ಲೋಕದಲ್ಲಿ ಇಷ್ಟು ಸುಂದರವಾದ ತಪ್ಪನ್ನು ಇನ್ಯಾರೂ ಮಾಡಿಲ್ಲ ಪ್ರಭು."

ಮರುದಿನವೇ ರಾಜಾಜ್ಞೆ ಹೊರಬಿತ್ತು. ಪ್ರತಿಯೊಬ್ಬ ಪ್ರಜೆಗೂ ಮಹಾರಾಜರ ಭಾವಚಿತ್ರವಿರುವ ಸಕ್ಕರೆ ಯಂತ್ರ ಉಚಿತ. ಪಟ್ಟಿ ಮಾತ್ರ ಅರ್ಹ ಫಲಾನುಭವಿಗಳಿಗೆ. ಅಂದರೆ ಕಳೆದ ಮೂರು ದಿನಗಳಲ್ಲಿ ಸಕ್ಕರೆ ಹೆಚ್ಚಿದ್ದುದನ್ನು ಅದೇ ಯಂತ್ರದಲ್ಲಿ ತೋರಿಸಿದವರಿಗೆ. ಸಾಕಮ್ಮನ ಮನೆಗೆ ಮೂರು ಯಂತ್ರ ಬಂದವು. ಒಂದು ಅವಳಿಗೆ, ಒಂದು ಮಗಳಿಗೆ, ಇನ್ನೊಂದು ತೀರಿಹೋಗಿ ಆರು ವರ್ಷವಾಗಿದ್ದ ಗಂಡನಿಗೆ.

ಮನೆಯಲ್ಲಿದ್ದ ಪಟ್ಟಿ ಮುಗಿದು ವಾರವಾದ ಮೇಲೆ ಸಾಕಮ್ಮ ಅರ್ಜಿ ಹಿಡಿದು ಮುದ್ರಾಧಿಕಾರಿ ಹೊಂಬಾಳಪ್ಪನ ಮುಂದೆ ನಿಂತಳು.

"ಮೂರು ದಿನದೊಳಗಿನ ಅಂಕಿ ಎಲ್ಲಮ್ಮಾ?"

"ಪಟ್ಟಿ ಇಲ್ದೆ ಅಂಕಿ ಎಲ್ಲಿಂದ ತರ್ಲಿ ಬುದ್ಧಿ?"

"ಅಂಕಿ ಇಲ್ದೆ ಪಟ್ಟಿ ನಾನೆಲ್ಲಿಂದ ತರ್ಲಿ?" ಹೊಂಬಾಳಪ್ಪನ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾದ ಮರುಕವಿತ್ತು. "ಯಂತ್ರ ತಲುಪಿದೆ ತಾನೆ? ಇಲ್ಲೊಂದು ಹೆಬ್ಬೆಟ್ಟು ಒತ್ತು."

ಪಟ್ಟಿ ಮುಗಿದಾಗಿನಿಂದ ಸಾಕಮ್ಮ ಮಗಳ ಮುಖ ನೋಡಿ, ಅಂದಾಜಿನ ಮೇಲೆಯೇ ಇನ್ಸುಲಿನ್ ಕೊಡುತ್ತಿದ್ದಳು. ಅರ್ಜಿ ತಿರುಗಿಬಂದ ನಾಲ್ಕನೆಯ ದಿನ ಬೆಳಗ್ಗೆ ಪದುಮಿ ಬೆವರಿ ತೊಯ್ದು ನಡುಗುತ್ತ, "ಅವ್ವಾ, ನೀನು ಎರಡೆರಡು ಕಾಣ್ತಿದೀಯ" ಎಂದಳು. ಸಾಕಮ್ಮ ಸಕ್ಕರೆ ನೀರು ಕುಡಿಸಿ, ಮಗು ಸರಿಯಾಗಿ ಮಾತಾಡುವವರೆಗೂ ಅದನ್ನು ತಬ್ಬಿ ಕೂತಳು. ಆ ಹೆದರಿಕೆಗೆ ಮರುದಿನ ಇನ್ಸುಲಿನ್ ತೀರಾ ಕಡಿಮೆ ಮಾಡಿದಳು. ಸಂಜೆಗೆ ಮಗು ಚೊಂಬುಗಟ್ಟಲೆ ನೀರು ಕುಡಿದು ವಾಂತಿ ಮಾಡಿಕೊಂಡಿತು. ಹೆಚ್ಚು ಯಾವುದು, ಕಡಿಮೆ ಯಾವುದು ಹೇಳುವವರಿರಲಿಲ್ಲ. ಗೋಡೆಯ ಗೂಡಿನಲ್ಲಿ ಮೂವರು ಮಹಾರಾಜರು ಸಾಲಾಗಿ ನಗುತ್ತಿದ್ದರು.

ಇತ್ತ ಗ್ರಾಫ್ ನೆಲ ಕಚ್ಚಿತು. ಮಧುರಾವತಿಯನ್ನು ಸಕ್ಕರೆ ಕಾಯಿಲೆ ಮುಕ್ತ ರಾಜ್ಯವೆಂದು ಸಾರಲು ಮಹೋತ್ಸವ ಏರ್ಪಟ್ಟಿತು. ಹಾರ ಒಪ್ಪಿಸಲು ಬಂದ ಸಾಕಮ್ಮ ಮಗಳನ್ನೂ ಕರೆತಂದಿದ್ದಳು. ಭಾಷಣದ ನಡುವೆ ಮಹಾರಾಜರು ಅಭ್ಯಾಸದಂತೆ ಬೆರಳು ಚಾಚಿದರು. ರಾಜವೈದ್ಯ ಬೆಳ್ಳಿ ತಟ್ಟೆಯಿಂದ ಪಟ್ಟಿಯೊಂದನ್ನು ಎತ್ತಿ ಹನಿ ರಕ್ತ ತಾಗಿಸಿದ. ಪ್ರಭುಗಳದು ಕಾಯಿಲೆಯಲ್ಲ, ರಾಜಲಕ್ಷಣ ಎಂದು ಆಸ್ಥಾನದಲ್ಲಿ ಮೊದಲೇ ತೀರ್ಮಾನವಾಗಿತ್ತು.

ಸಾಕಮ್ಮ ಹಾರ ಕೆಳಗಿಟ್ಟಳು. "ಮಹಾಪ್ರಭು, ಅದ್ರಲ್ಲಿ ಒಂದು ನನ್ನ ಮಗಳಿಗೆ ಕೊಡಿಸಿ. ಒಂದೇ ಒಂದು."

ಬಿಳಿಚಿಕೊಂಡ ಮಗುವನ್ನು ನೋಡಿ ರಾಜರ ಮನ ಕರಗಿತು. ಕೈ ತಟ್ಟೆಯತ್ತ ಹೊರಟಿತು.

ಅಂಕಿಶೇಖರ ಕಿವಿಯಲ್ಲಿ ಉಸುರಿದ. "ಪರೀಕ್ಷಿಸಿದರೆ ಅಂಕಿ ಬರುತ್ತದೆ ಪ್ರಭು. ಅಂಕಿ ಬಂದರೆ ಘೋಷಣೆ ಹೋಗುತ್ತದೆ."

ಕೈ ದಾರಿ ಬದಲಿಸಿ ಪಕ್ಕದ ತಟ್ಟೆಯಲ್ಲಿದ್ದ ಶಾಲನ್ನು ಎತ್ತಿಕೊಂಡಿತು. ಪದುಮಿಗೆ ಶಾಲು ಹೊದಿಸಿ, ಕಾಯಿಲೆ ವಾಸಿಯಾದ ಮೊದಲ ಪ್ರಜೆಯೆಂಬ ಪ್ರಮಾಣಪತ್ರ ಕೊಟ್ಟರು. ಮಹಾರಾಜರಿಗೆ 'ಆರೋಗ್ಯ ಚಕ್ರವರ್ತಿ' ಎಂಬ ಬಿರುದಾಯಿತು. ಮರುದಿನ ಆಸ್ಪತ್ರೆಯವರು ಆ ಪ್ರಮಾಣಪತ್ರ ಓದಿ ಇನ್ಸುಲಿನ್ ಕೊಡುವುದನ್ನೂ ನಿಲ್ಲಿಸಿದರು. ವಾಸಿಯಾದವರಿಗೆ ಔಷಧಿ ಕೊಡಲು ನಿಯಮದಲ್ಲಿ ಅವಕಾಶವಿರಲಿಲ್ಲ.

ಗುಡ್ಡದಾಚೆಯ ರಾಜ್ಯದಲ್ಲಿ ಪಟ್ಟಿ, ಇನ್ಸುಲಿನ್ ಎರಡೂ ಸಿಗುತ್ತವೆಂದು ಯಾರೋ ಹೇಳಿದರು. ಎಂಟು ಮೈಲಿ ದಾರಿ. ಅದೇ ದಿನ ಸಾಕಮ್ಮ ಮಗಳ ಕೈಹಿಡಿದು ನಡೆದಳು. ಅಲ್ಲಿ ಮೂರು ದಿನಕ್ಕಾಗುವಷ್ಟೇ ಕೊಡುತ್ತಿದ್ದುದರಿಂದ ಮತ್ತೆ ಮತ್ತೆ ಹೋಗಿ ಬರಬೇಕಾಯಿತು. ವಾರ ಕಳೆಯುವುದರೊಳಗೆ ಅವಳ ಹಿಂದೆ ಹತ್ತಾರು ಜನ, ತಿಂಗಳಲ್ಲಿ ನೂರಾರು ಜನ. ಉಪ್ಪರಿಗೆಯಿಂದ ಮಹಾರಾಜರು ಈ ಸಾಲನ್ನು ಕಂಡು ಏನೆಂದು ಕೇಳಿದರು.

"ಆರೋಗ್ಯವಂತ ಪ್ರಜೆಗಳ ಬೆಳಗಿನ ವಾಕಿಂಗ್, ಮಹಾಪ್ರಭು" ಎಂದ ಅಂಕಿಶೇಖರ.

ಹರ್ಷಗೊಂಡ ಪ್ರಭುಗಳು ಆ ದಾರಿಗೆ ತಮ್ಮ ಹೆಸರನ್ನೇ ಇಟ್ಟು ಕಮಾನು ಕಟ್ಟಿಸಿದರು. ಉದ್ಘಾಟನೆಯ ದಿನ ಟೇಪಿನ ಈಚೆ ಜನರನ್ನೆಲ್ಲ ತಡೆದು ನಿಲ್ಲಿಸಲಾಯಿತು. ಬಿಸಿಲೇರಿತು. ಎಲ್ಲರಿಗಿಂತ ಮುಂದೆ ಸಾಕಮ್ಮನಿದ್ದಳು. ಕಾಲು ಸೋತ ಪದುಮಿ ಅವಳ ಬೆನ್ನೇರಿ ಒಣಗಿದ ತುಟಿ ಸವರಿಕೊಳ್ಳುತ್ತಿದ್ದಳು.

"ಯಾವಾಗ ಬಿಡ್ತಾರವ್ವಾ?"

"ಕತ್ತರಿ ಇನ್ನೂ ಅರಮನೆಯಿಂದ ಬರ್ಬೇಕಂತೆ ಕಣವ್ವ" ಎಂದಳು ಸಾಕಮ್ಮ, ಮಗಳನ್ನು ಬೆನ್ನ ಮೇಲೆ ಇನ್ನಷ್ಟು ಮೇಲಕ್ಕೆತ್ತಿಕೊಳ್ಳುತ್ತ.