ಎಂಟನೆಯ ಸ್ಥಳಕ್ಕಾಗಿ ಧರಣಿ

ಹಿರಿಯ ಗುಮಾಸ್ತರ ಪ್ರಕಾರ ಅನ್ಯಾಯದಲ್ಲಿ ಎರಡು ಬಗೆ: ಮನೆಯೊಳಗಿನದು, ಮನೆಯ ಹೊರಗಿನದು. ಮೊದಲನೆಯದನ್ನು ಅವರು ಮದುವೆಯಾದಂದಿನಿಂದ ನುಂಗಿಕೊಂಡು ಬಂದಿದ್ದರು. ಎರಡನೆಯದನ್ನು ಮಾತ್ರ ಜಪ್ಪಯ್ಯ ಅಂದರೂ ಸಹಿಸುವವರಲ್ಲ. ("ನಿಮ್ಮ ಪ್ರತಾಪ ಗೊತ್ತು, ಮೊದಲು ಬಟ್ಟೆ ಒಣಗಹಾಕಿ," ಎನ್ನುತ್ತಿದ್ದರು ಅವರ ಹೆಂಡತಿ.)

ರಾಜಧಾನಿಗೆ ಬಂದು ಇಪ್ಪತ್ತೆರಡು ವರ್ಷವಾದರೂ ದಂಪತಿ ಊರು ನೋಡಿರಲಿಲ್ಲ. ಗುಮಾಸ್ತರು ಕಂಡದ್ದು ಮನೆ, ಬಸ್ಸು, ತಾವು ದುಡಿಯುವ ದಾಖಲೆ ಕಚೇರಿ. ಸಂಜೆಗೆ ಅದನ್ನೇ ಹಿಂದುಮುಂದಾಗಿ.

"ನಮ್ಮ ಕಡೆಯಿಂದ ಬಂದವರೆಲ್ಲ ಒಂದೇ ದಿನದಲ್ಲಿ ಊರು ನೋಡಿ, ನಮಗೇ ವರ್ಣಿಸಿ ಹೋಗ್ತಾರೆ," ಎಂದು ಒಂದು ದಿನ ಹೆಂಡತಿ ಸಿಡಿದರು. "ನಾವು ಯಾವಾಗ ನೋಡೋದು? ಪಿಂಚಣಿ ಬಂದ ಮೇಲೆ, ಮಂಡಿನೋವನ್ನೂ ಜೊತೆಗೆ ಕರ್ಕೊಂಡಾ?"

ಗುಮಾಸ್ತರು ರಜೆ ಹಾಕಿದರು. 'ಒಂದೇ ದಿನದಲ್ಲಿ ಎಂಟು ಐತಿಹಾಸಿಕ ಸ್ಥಳಗಳು' ಎಂಬ ಪ್ರವಾಸದ ಬಸ್ಸು ಹತ್ತಿದರು.

ಐತಿಹಾಸಿಕವಾಗಿದ್ದದ್ದು ಮುಖ್ಯವಾಗಿ ಬಸ್ಸಿನ ಸೀಟು. ಗೈಡು ಮಹಾಶಯನಂತೂ ಮೂರು ತಲೆಮಾರು ಕಟ್ಟಿದ ಕೋಟೆಗೆ ಹದಿನೈದು ನಿಮಿಷ ಕೊಟ್ಟ. "ಸೇನಾಪತಿ ಬಿದ್ದದ್ದು ಇಲ್ಲಿ, ಶೌಚಾಲಯ ಅಲ್ಲಿ, ಬೇಗ ಬನ್ನಿ," ಎಂದು ಒಂದೇ ಉಸಿರಿನಲ್ಲಿ ಹೇಳಿ ಬಸ್ಸಿನತ್ತ ನಡೆದ. ಅರಮನೆಗೂ ಅದೇ ಗತಿ, ಗಡಿಯಾರದ ಗೋಪುರಕ್ಕೂ ಅದೇ ಗತಿ. ಏಳನೆಯ ಸ್ಥಳ ಮುಗಿದ ಮೇಲೆ ಮಾತ್ರ ಬಸ್ಸು ಒಂದು ಕರಕುಶಲ ವಸ್ತುಗಳ ಅಂಗಡಿಯೆದುರು ಪೂರಾ ಒಂದು ಗಂಟೆ ನಿಂತಿತು.

"ಇಲ್ಲಿಗೆ ಪ್ರವಾಸ ಮುಗೀತು," ಎಂದ ಗೈಡು.

"ನಿಲ್ಲಪ್ಪ," ಎಂದರು ಗುಮಾಸ್ತರು. "ನಾನು ಎಣಿಸಿದ್ದೀನಿ. ಏಳೇ ಆಗಿರೋದು."

"ಅಂಗಡಿ ಸೇರಿ ಎಂಟು ಸಾರ್."

"ಅಂಗಡಿ ಐತಿಹಾಸಿಕವೇನಯ್ಯ?"

"ನಮ್ಮ ತಾತನ ಕಾಲದಿಂದ ಇದೆ ಸಾರ್."

ಗುಮಾಸ್ತರು ಕರಪತ್ರವನ್ನು ಅವನ ಮೂಗಿನ ಮುಂದೆ ಹಿಡಿದರು. "ಎಂಟನೆಯದು ರಾಣಿಯ ಮಜ್ಜನ ಮಂದಿರ. ಅಚ್ಚಾಗಿದೆ. ಎಲ್ಲಿ ಅದು?"

"ಅದರ ಸುದ್ದಿ ಬೇಡ ಸಾರ್. ಅದರಲ್ಲೀಗ ಯಾವುದೋ ಸರ್ಕಾರಿ ಆಫೀಸು. ಬಾಗಿಲು ತಟ್ಟಿದ್ರೆ ಒಳಗಿಂದ ಒಬ್ಬ ಗುಮಾಸ್ತ ಮೈಮೇಲೆ ಬಂದವನ ಹಾಗೆ ಕೂಗಾಡ್ತಾನೆ. ಮುಖ ನಾನು ನೋಡಿಲ್ಲ, ದನಿಯೇ ಸಾಕು. ಮೂರು ವರ್ಷದಿಂದ ಆ ಕಡೆ ಬಸ್ಸು ಬಿಟ್ಟಿಲ್ಲ."

ಗುಮಾಸ್ತರು ಬಸ್ಸಿನ ಮೆಟ್ಟಿಲ ಮೇಲೆ ಪಟ್ಟಾಗಿ ಕುಳಿತುಬಿಟ್ಟರು. "ಎಂಟು ಅಂದ್ರೆ ಎಂಟು. ಅಲ್ಲೀವರೆಗೆ ನಾನು ಏಳಲ್ಲ, ಬಸ್ಸೂ ಹೊರಡಲ್ಲ."

"ರೀ, ಏಳ್ರಿ. ಕಾಲು ಬಿದ್ದುಹೋಗ್ತಿದೆ, ಮನೆಗೆ ಹೋಗೋಣ," ಎಂದರು ಹೆಂಡತಿ.

"ನೀನು ಸುಮ್ನಿರು."

ಈ ಮಾತು ಅವರ ಬಾಯಿಂದ ಬಂದದ್ದು ದಾಂಪತ್ಯದಲ್ಲಿ ಇದೇ ಮೊದಲು. ಹೆಂಡತಿಗಿಂತ ಹೆಚ್ಚು ಬೆಚ್ಚಿದವರು ಅವರೇ. ಇನ್ನು ಗೆಲ್ಲದೆ ಗತಿಯಿರಲಿಲ್ಲ; ಸೋತರೆ ಇದೇ ಹೆಂಡತಿಯ ಜೊತೆ ಇದೇ ಮನೆಗೆ ಹೋಗಬೇಕಲ್ಲ. ಆದ್ದರಿಂದ ದನಿ ಏರಿಸಿದರು: "ಸರ್ಕಾರಿ ಕಟ್ಟಡ ಅಂದ್ರೆ ಜನರ ಆಸ್ತಿ. ಅವನು ಯಾವ ಸೀಮೆ ಗುಮಾಸ್ತ? ಅವನ ಸೊಕ್ಕು ನಾನಿಳಿಸ್ತೀನಿ. ಬಾಗಿಲು ತೆಗೀಲಿಲ್ಲ ಅಂದ್ರೆ ಅಲ್ಲೇ ದೂರು ಬರೆದು ಎಲ್ಲರ ಸಹಿ ಹಾಕಿಸ್ತೀನಿ."

ಬಸ್ಸಿನ ಮೂವತ್ತೊಂದು ಜನ ಚಪ್ಪಾಳೆ ತಟ್ಟಿದರು. ಡ್ರೈವರ್ ನಿಟ್ಟುಸಿರು ಬಿಟ್ಟು ಗಾಡಿ ತಿರುಗಿಸಿದ.

ಹಳೆಯ ತೋಟವೊಂದರ ಆಚೆ ಕಮಾನು, ಕಮಾನಿನ ಎರಡೂ ಬದಿಗೆ ಕಲ್ಲಿನ ಸಿಂಹ, ನಡುವೆ ಆಳೆತ್ತರದ ಕೆತ್ತನೆಯ ಬಾಗಿಲು. "ನೋಡಿ, ಇಂಥದ್ದನ್ನ ಮುಚ್ಚಿಟ್ಕೊಂಡಿದ್ದಾನೆ ಪಾಪಿ," ಎನ್ನುತ್ತ ಗುಮಾಸ್ತರು ಬಾಗಿಲನ್ನು ಎರಡೂ ಕೈಯಿಂದ ಗುದ್ದಿದರು.

ಕಟ್ಟಡದ ಹಿಂದಿನಿಂದ ಕಾವಲುಗಾರ ಓಡಿ ಬಂದ. "ಯಾರ್ರೀ ಅದು? ಮುಂಬಾಗಿಲು ತೆಗೆಯಲ್ಲ. ಅರ್ಜಿ ತಗೊಂಡು ಹಿಂದಿನಿಂದ..." ಅಷ್ಟರಲ್ಲಿ ಅವನ ಕೈ ತಾನಾಗಿ ಹಣೆಗೆ ಹೋಯಿತು. "ಅಯ್ಯೋ, ಸಾರ್, ನೀವಾ? ಇವತ್ತು ರಜ ಅಂದಿದ್ರಿ?"

ಗುಮಾಸ್ತರು ಹೆದರುತ್ತ ಹೆದರುತ್ತ ಕಿಟಕಿಯಲ್ಲಿ ಇಣುಕಿದರು. ತಮ್ಮದೇ ಮೇಜು. ತಮ್ಮದೇ ಕುರ್ಚಿ, ಅದರ ಮೇಲೆ ತಮ್ಮದೇ ದಿಂಬು. ಇಪ್ಪತ್ತೆರಡು ವರ್ಷ ಅವರು ಸೈಕಲ್ ಸ್ಟ್ಯಾಂಡಿನ ಪಕ್ಕದ ಹಿಂಬಾಗಿಲಿನಿಂದಲೇ ಬಂದು ಹೋದವರು. ಮುಂಬಾಗಿಲಿಗೆ ಕಡತದ ಬೀರು ಒತ್ತರಿಸಿಟ್ಟು, ಯಾರಾದರೂ ತಟ್ಟಿದರೆ ಅದರ ಹಿಂದೆ ನಿಂತೇ ಗದರುತ್ತಿದ್ದರು. ತಟ್ಟುವವರು ದಲ್ಲಾಳಿಗಳೆಂದು ಅವರ ದೃಢವಾದ ನಂಬಿಕೆ.

"ಬೆಳಗ್ಗೆಯಿಂದ ಅಂದ್ಕೊಳ್ತಾನೇ ಇದ್ದೆ," ಎಂದ ಗೈಡು ಮೆಲ್ಲಗೆ, "ಈ ದನಿ ಎಲ್ಲೋ ಕೇಳಿದ್ದೀನಲ್ಲ ಅಂತ."

"ಬಾಗಿಲು ತೆಗಿಯಯ್ಯ," ಎಂದು ಗುಮಾಸ್ತರು ಕಾವಲುಗಾರನ ಕಿವಿಯಲ್ಲಿ ಉಸುರಿದರು.

"ಹೇಗೆ ತೆಗೀಲಿ ಸಾರ್? ರಜದಲ್ಲಿರೋ ಸಿಬ್ಬಂದೀನೂ ಸಾರ್ವಜನಿಕರೇ ಅಂತ ಗೋಡೆಗೆ ಅಂಟಿಸಿರೋರು ನೀವೇ. ಅರ್ಜಿ ಬೇಕು."

"ಕೊಡ್ತೀನಿ ಮಾರಾಯ."

"ಕೊಡಿ. ಆದ್ರೆ ಅರ್ಜಿ ತಗೊಳ್ಳೋ ಗುಮಾಸ್ತರು ಇವತ್ತು ರಜ."

ಮೂವತ್ತೊಂದು ಜನ ಗುಮಾಸ್ತರನ್ನೇ ನೋಡುತ್ತಿದ್ದರು. ಇನ್ನೂ ಒಂದು ಜೊತೆ ಕಣ್ಣು ಬಹಳ ಹತ್ತಿರದಿಂದ ನೋಡುತ್ತಿತ್ತು.

"ಬರೀರಿ ದೂರು," ಎಂದರು ಹೆಂಡತಿ, ಕೈಚೀಲದಿಂದ ಕಾಗದ, ಪೆನ್ನು ತೆಗೆದು. "ಪಾಪ, ಎಲ್ಲರೂ ಕಾಯ್ತಿದ್ದಾರೆ."

ಗುಮಾಸ್ತರು ಹಿಂದೆ ಸರಿಯಲಿಲ್ಲ. ಕೊಟ್ಟ ಮಾತು ಕೊಟ್ಟ ಮಾತೇ. ಕಲ್ಲಿನ ಸಿಂಹದ ಬೆನ್ನ ಮೇಲೆ ಕಾಗದ ಇಟ್ಟು, ದುಂಡನೆಯ ಅಕ್ಷರದಲ್ಲಿ, ಒಂದಿಷ್ಟೂ ದಾಕ್ಷಿಣ್ಯವಿಲ್ಲದೆ ತಮ್ಮನ್ನು ತಾವೇ ತರಾಟೆಗೆ ತೆಗೆದುಕೊಂಡರು. 'ಉದ್ಧಟತನ'ದ ಕೆಳಗೆ ಎರಡು ಗೆರೆಯನ್ನೂ ಎಳೆದರು. ಮೊದಲ ಸಹಿ, ಮನೆಯ ವಿಳಾಸದ ಸಮೇತ, ಹೆಂಡತಿಯದು.

ಕಾವಲುಗಾರನ ಕೈಗೆ ಕೊಟ್ಟಿದ್ದ ಆ ದೂರು ಮರುದಿನ ಬೆಳಗಿನ ಟಪಾಲಿನಲ್ಲಿ ಅವರ ಮೇಜಿಗೇ ಬಂತು. ಗುಮಾಸ್ತರು ಬೆನ್ನು ನೆಟ್ಟಗೆ ಮಾಡಿ ಕುಳಿತರು. ಕಚೇರಿಯಲ್ಲಾದರೂ ತಲೆ ಬಾಗಿಸುವ ಮಾತಿಲ್ಲ. ಕೆಂಪು ಶಾಯಿಯಲ್ಲಿ 'ನಿಗದಿತ ನಮೂನೆಯಲ್ಲಿಲ್ಲ, ಮೊದಲ ಅರ್ಜಿದಾರರಿಗೆ ವಾಪಸ್' ಎಂದು ಬರೆದು, ಮೊಹರು ಗುದ್ದಿ, ಅಂಚೆಗೆ ಹಾಕಿಸಿದರು. ಎರಡು ದಿನ ಸಿಂಹದಂತೆ ಓಡಾಡಿದರು.

ಮೂರನೆಯ ಸಂಜೆ ಮನೆಗೆ ಬಂದಾಗ ಹೆಂಡತಿ ಊಟದ ಮೇಜಿನ ಮೇಲಿನದನ್ನೆಲ್ಲ ತೆಗೆದು ಜಾಗ ಮಾಡಿದ್ದರು. ತಟ್ಟೆಯಿಡುವಲ್ಲಿ ಬಿಳಿ ಹಾಳೆ, ಲೋಟವಿಡುವಲ್ಲಿ ಪೆನ್ನು.

"ಕೂತ್ಕೊಳ್ಳಿ," ಎಂದರು ಅವರು, ಒಡೆದ ಲಕೋಟೆಯಿಂದ ಗಾಳಿ ಹಾಕಿಕೊಳ್ಳುತ್ತ. "ಈ ಸಲ ನೇರ ನಿಮ್ಮ ಮೇಲಧಿಕಾರಿ ಹೆಸರಿಗೇ ಬರೀರಿ. ಕೆಳಗಿನವರ ಕೈಗೆ ಸಿಕ್ಕರೆ ಸುಮ್ಸುಮ್ನೆ ವಾಪಸ್ ಕಳಿಸ್ತಾರೆ. ಬರೆದು ಮುಗಿದ ಮೇಲೆ ಊಟ."