ಕೊಲೆಗಾರನ ಐದನೇ ಭಾಗ, ನನ್ನ ಎರಡನೇ ಭಾಗ

ಮುಖವಾಡ ಹಾಕಿಕೊಂಡು ಮಚ್ಚು ಹಿಡಿದು ಓಡಾಡುವ ಕೊಲೆಗಾರರ ಸಿನಿಮಾಗಳ ವಿಷಯದಲ್ಲಿ ಇಡೀ ಹಿರಿಯೂರು ತಾಲ್ಲೂಕಿಗೆ ನಾನೇ ದೊಡ್ಡ ಪಂಡಿತ. ಇದನ್ನು ಯಾರೂ ಒಪ್ಪಿಲ್ಲ; ಯಾರೂ ಅಲ್ಲಗಳೆದೂ ಇಲ್ಲ. ಹೈಸ್ಕೂಲಿನ ಗುಮಾಸ್ತಿಕೆ ನನ್ನ ಹೊಟ್ಟೆಪಾಡು. ಆ ಸಿನಿಮಾಗಳ ಎರಡನೇ, ಮೂರನೇ, ನಾಲ್ಕನೇ ಭಾಗಗಳನ್ನು ಮೊಬೈಲಿನಲ್ಲಿ ನೋಡಿ ಗುಣಮಟ್ಟ ಅಳೆಯುವುದು ನನ್ನ ಜೀವನದ ಧ್ಯೇಯ.

ನನ್ನ ಸಂಶೋಧನೆಯ ಸಾರ ಇಷ್ಟೇ. ಮೊದಲ ಭಾಗದಲ್ಲಿ ಕೊಲೆ ಮಾಡಲು ಕೊಲೆಗಾರನಿಗೆ ಒಂದು ಕಾರಣ ಇರುತ್ತದೆ. ಎರಡನೆಯದರಲ್ಲಿ ನಿರ್ಮಾಪಕನಿಗೆ ಮಾತ್ರ ಇರುತ್ತದೆ. ಮೂರನೆಯದರಲ್ಲಿ ಯಾರಿಗೂ ಇರುವುದಿಲ್ಲ! ಭಾಗ ಹೆಚ್ಚಿದಂತೆಲ್ಲ ಸಾಯುವವರು ಹೆಚ್ಚುತ್ತಾರೆ, ಬುದ್ಧಿ ಇಳಿಯುತ್ತದೆ. ಹಿಂದಿನ ಸಲ ಗುಂಪು ಬಿಟ್ಟು ಹೋದವರೆಲ್ಲ ಸತ್ತಿದ್ದರೂ ಈ ಸಲವೂ ಒಬ್ಬೊಬ್ಬರೇ ಹೋಗುತ್ತಾರೆ. ಬಯಲಿಗೆ ಓಡುವುದು ಬಿಟ್ಟು ಕತ್ತಲೆ ಕೋಣೆಗೆ ನುಗ್ಗುತ್ತಾರೆ.

"ಮಾಡಿದ ತಪ್ಪನ್ನೇ ಮತ್ತೆ ಮಾಡೋರು ಸಾಯೋದೇ ಸರಿ ಕಣೇ" ಎಂದು ನಾನು ಹೆಂಡತಿ ಗಿರಿಜಾಳಿಗೆ ಆಗಾಗ ತೀರ್ಪು ಕೊಡುತ್ತಿರುತ್ತೇನೆ.

"ಆತು, ಮೊದ್ಲು ಒಲೆ ಆರಿಸ್ರಿ, ಹಾಲು ಉಕ್ತಾ ಐತೆ" ಅನ್ನುತ್ತಾಳೆ ಅವಳು.

ಗಿರಿಜಾಳ ತವರು ಯಲ್ಲದಕೆರೆ. ಮಾವ ಚಿತ್ತಯ್ಯನವರು ಹುಟ್ಟಿನಿಂದ ಕುರಿಗಾರರು. ಮಂದೆಯೇ ಅವರ ಜೀವ. ಒಂದು ಭಾನುವಾರ ಬೆಳಿಗ್ಗೆ ಅವರನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ಯಲು ಗಿರಿಜಾ ಹೊರಟಳು. ಹಾಗಾದರೆ ಅಷ್ಟೂ ಕುರಿಗಳನ್ನು ಸಂಜೆಯವರೆಗೆ ಕಾಯುವವರು ಯಾರು? ನಾನು ಎದೆ ಮುಂದೆ ಮಾಡಿ ನಿಂತೆ.

ಮಾವನ ಮುಖ ಸಪ್ಪಗಾಯಿತು. "ಬ್ಯಾಡ ಬಿಡಪ್ಪ ಅಳಿಮಯ್ಯ. ಹೋದ ವರ್ಸದ್ದು ನೆಪ್ಪೈತಲ್ಲ?"

ನೆನಪಿತ್ತು. ಹೋದ ವರ್ಷ ನನ್ನ ಕಾವಲಿನಲ್ಲಿ ಮೂರು ಕುರಿಗಳು ತಿಪ್ಪಮ್ಮಜ್ಜಿಯ ಶೇಂಗಾ ಹೊಲಕ್ಕೆ ನುಗ್ಗಿದ್ದವು. ಅಂದಿನಿಂದ ಮಾವ ನನ್ನ ಕೈಗೆ ಒಂದು ಮರಿಯನ್ನೂ ಕೊಟ್ಟಿರಲಿಲ್ಲ. ಕುರಿಗಾರರ ಮನೆಯ ಅಳಿಯನಿಗೆ ಇದಕ್ಕಿಂತ ಅವಮಾನ ಬೇಕೆ? ಹೋದ ಮಾನವನ್ನು ಅಂದೇ ವಾಪಸು ತರಬೇಕಿತ್ತು. ಗೋಗರೆದೆ. ಕೊನೆಗೆ ಮಾವ ಕೋಲನ್ನು ನನ್ನ ಕೈಗಿಟ್ಟು ಹೇಳಿದರು: "ಒಂದು ತಪ್ಪಿಸ್ಕಂಡ್ರೆ ಅದರ ಹಿಂದೆ ಓಡಬ್ಯಾಡ. ಮಂದೆ ಬಿಟ್ಟು ಕದಲಬ್ಯಾಡ. ನಿಂತಲ್ಲೇ ನಿಂತು ಟುರ್ರ್ ಅನ್ನು, ತಾನೇ ಬತ್ತೈತೆ."

ಮಧ್ಯಾಹ್ನದವರೆಗೆ ನಾನು ಆದರ್ಶ ಕುರಿಗಾರ. ಊಟವಾದ ಮೇಲೆ ಬೇವಿನ ಮರದಡಿ ಕೂತು, ಅರ್ಧಕ್ಕೆ ನಿಲ್ಲಿಸಿದ್ದ ಐದನೇ ಭಾಗವನ್ನು 'ಹತ್ತೇ ನಿಮಿಷ' ಅಂತ ಹಚ್ಚಿದೆ. ಅದರಲ್ಲಿ ಒಬ್ಬ ಹುಡುಗಿ ಗೆಳೆಯರನ್ನೆಲ್ಲ ಬಿಟ್ಟು ನೆಲಮಾಳಿಗೆಗೆ ಇಳಿಯುತ್ತಿದ್ದಳು. ಐದನೇ ಸಲ! ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, "ಒಬ್ಬಳೇ ಹೋಗಬೇಡ ಕಣೇ!" ಎಂದು ಜೀವ ಹೋಗುವಂತೆ ಕಿರುಚಿದೆ.

ಹುಡುಗಿಗೆ ಕೇಳಿಸಲಿಲ್ಲ. ಕುರಿಗಳಿಗೆ ಕೇಳಿಸಿತು.

ಒಂದು ಕುರಿ ಬೆದರಿ ಶೇಂಗಾ ಹೊಲದ ಕಡೆ ಓಟ ಕಿತ್ತಿತು. ನಾನೂ ಅದರ ಹಿಂದೆ ಓಡಿದೆ. ಮಾವನ ಮಾತು ನೆನಪಾಗಲಿಲ್ಲವೆಂದಲ್ಲ. ನೆನಪಾಗುವ ಹೊತ್ತಿಗೆ ಹೊಲದ ನಡುವೆ ಇದ್ದೆ. ಹಿಂತಿರುಗಿ ನೋಡಿದರೆ ಏನು ಹೇಳಲಿ! ಕುರಿಗಾರ ಓಡುತ್ತಿದ್ದಾನೆಂದರೆ ಮುಂದೆ ಒಳ್ಳೆಯ ಮೇವಿರಬೇಕೆಂದು ಇಡೀ ಮಂದೆ ಶಿಸ್ತಾಗಿ ನನ್ನ ಬೆನ್ನಿಗೇ ಬಂದಿತ್ತು. ಅವುಗಳ ಊಹೆ ಸರಿಯಾಗಿಯೇ ಇತ್ತು.

ಅಷ್ಟರಲ್ಲಿ ಬದುವಿನ ಕಡೆಯಿಂದ ಒಂದು ಆಕೃತಿ ಎದ್ದಿತು. ತುಂತುರು ಮಳೆಗೆ ತಲೆಯ ಮೇಲೆ ಗೋಣಿಚೀಲದ ಕೊಪ್ಪೆ. ಮುಖ ಕಾಣದು. ಕೈಯಲ್ಲಿ ಕುಡುಗೋಲು. ಅದು ಓಡಲಿಲ್ಲ, ನಿಧಾನವಾಗಿ ನಡೆದು ಬಂತು. ಕೊಲೆಗಾರರು ಎಂದೂ ಓಡುವುದಿಲ್ಲವೆಂಬುದು ನನ್ನದೇ ಸಂಶೋಧನೆ! ಸುತ್ತಲೂ ಬಯಲೋ ಬಯಲು. ನಾನು ಎಲ್ಲಿಗೆ ಓಡಿದೆ? ಹೊಲದ ಮೂಲೆಯ ಪಂಪ್ ಮನೆಗೆ! ದಾರಿಯಲ್ಲಿ ಎಡವಿ ಬಿದ್ದು ಒಂದು ಚಪ್ಪಲಿ ಬಿಟ್ಟೆ, ಮೊಬೈಲು ಬಿಟ್ಟೆ. ಒಳಗೆ ನುಗ್ಗಿ ಬಾಗಿಲು ಮುಚ್ಚಿಕೊಂಡೆ.

ಹೊರಗಿನಿಂದ 'ಟುರ್ರ್' ಎಂಬ ಸದ್ದು ಕೇಳಿತು. ಒಂದೇ ಸಲ. ಕಿಂಡಿಯಲ್ಲಿ ನೋಡಿದರೆ ಅಷ್ಟೂ ಕುರಿಗಳು ಸಾಲಾಗಿ ಹೊಲದಿಂದ ಆಚೆ ಹೋಗುತ್ತಿದ್ದವು. ಆಮೇಲೆ ಪಂಪ್ ಮನೆಯ ಚಿಲಕ ಹೊರಗಿನಿಂದ ಬಿತ್ತು.

"ಯಾರದು?" ಎಂದೆ.

"ನಾನು ಕಣಪ್ಪ, ತಿಪ್ಪಮ್ಮ. ಹೋದ ವರ್ಸ ಮೂರು ಬಿಟ್ಟಿದ್ದೆ. ಈ ವರ್ಸ ಮಂದೇನೇ ಹೊಡ್ಕಂಡು ಬಂದ್ಯಲ್ಲ!"

"ಅಜ್ಜೀ, ತಪ್ಪಾಯ್ತು. ಬಾಗಿಲು ತೆಗೀರಿ."

"ತೆಗಿಯಾಕಿಲ್ಲ. ಬೆಳೆಗೆ ನುಗ್ಗಿದ್ದನ್ನ ದೊಡ್ಡಿಗೆ ಹಾಕೋದು ಊರ ಪದ್ಧತಿ. ಕುರೀದೇನು ತಪ್ಪು? ನುಗ್ಗಿಸಿದೋನು ನೀನು. ಒಡೆಯರು ಬರಾಗಂಟ ಒಳಗೇ ಕುಂತ್ಕ."

ಹೀಗೆ ಪದವೀಧರನೂ ಸರ್ಕಾರಿ ನೌಕರನೂ ಆದ ನಾನು ದೊಡ್ಡಿಗೆ ಬಿದ್ದೆ! ಅಜ್ಜಿ ಬಾಗಿಲಿಗೆ ಒರಗಿ, ಕುರಿಗಳ ಮೇಲೆ ಒಂದು ಕಣ್ಣಿಟ್ಟು, ಬಿದ್ದಿದ್ದ ನನ್ನ ಮೊಬೈಲಿನಲ್ಲಿ ಇನ್ನೂ ಓಡುತ್ತಿದ್ದ ಸಿನಿಮಾವನ್ನು ನೋಡತೊಡಗಿತು.

"ಇವನು ಮಚ್ಚು ಮಸೆದೇ ಇಲ್ಲ ಕಣೋ. ಹಿಡಿಯೋದೂ ಬರಾಕಿಲ್ಲ. ಒಂದು ಕೋಳೀನೂ ಕುಯ್ದೋನಲ್ಲ."

"ಇದು ಐದನೇ ಭಾಗ ಅಜ್ಜಿ" ಎಂದೆ ಒಳಗಿನಿಂದ. "ನಾಲ್ಕರಲ್ಲೂ ಅವನನ್ನ ಸಾಯಿಸಿದ್ರು."

"ಹಂಗಾರೆ ನಾಕು ಸಲಾನೂ ನೆಟ್ಟಗೆ ಸಾಯ್ಸಿಲ್ಲ. ಕೆಲಸ ಬರದೋರು! ಈ ಹುಡುಗೀನೂ ಅಷ್ಟೇ. ಎಲ್ರೂ ಒಟ್ಟಿಗಿದ್ರೆ ಇವನು ಏನು ಮಾಡ್ಕತಿದ್ದ? ಬಯಲಿಗೆ ಓಡೋದು ಬಿಟ್ಟು ಕತ್ಲೆ ಕೋಣೆಗೆ ಹೋಗಿ ಕುಂತೈತೆ ನೋಡು, ದಡ್ಡ ಮುಂಡೇದು!"

ಇದನ್ನು ನಾನು ಕೇಳಿಸಿಕೊಂಡದ್ದು ಕತ್ತಲೆ ಕೋಣೆಯಲ್ಲಿ ಕೂತು. ನನ್ನ ಎಷ್ಟೋ ವರ್ಷಗಳ ಸಂಶೋಧನೆಯನ್ನು ಅಜ್ಜಿ ಹತ್ತು ನಿಮಿಷದಲ್ಲಿ ಮುಗಿಸಿತ್ತು. ನಿಜವಾಗಿ ನಾಚಿಕೆಯಾಯಿತು.

ಸಂಜೆ ಮಾವ, ಗಿರಿಜಾ ಬಂದರು. ಮಾವ ಮೊದಲು ಮಂದೆಯ ಹತ್ತಿರ ಹೋಗಿ ಒಂದೊಂದನ್ನೂ ಮುಟ್ಟಿ ಎಣಿಸಿದರು. "ಅರವತ್ತೊಂದು. ಎಲ್ಲಾ ಅವೆ" ಎಂದು ಉಸಿರು ಬಿಟ್ಟರು. ನನ್ನ ಎದೆಯೂ ಹಗುರವಾಯಿತು.

"ಇನ್ನೊಂದು ಒಳಗೈತೆ" ಎಂದಿತು ಅಜ್ಜಿ. "ನಿಮ್ದೇ ಆದ್ರೆ ಗುರುತು ಹೇಳಿ ಬಿಡಿಸ್ಕಳ್ರಿ."

ಗಿರಿಜಾ ಕಿಂಡಿಯಲ್ಲಿ ಇಣುಕಿದಳು. ಸ್ವಲ್ಪ ಹೊತ್ತು ಯೋಚಿಸಿದಳು. ಅಷ್ಟು ಹೊತ್ತು ಯೋಚಿಸುವ ಅಗತ್ಯ ಖಂಡಿತ ಇರಲಿಲ್ಲ!

"ಕನ್ನಡಕ ಐತೆ. ಒಂದು ಕಾಲಾಗೆ ಚಪ್ಪಲಿ ಇಲ್ಲ. ಮೈಯೆಲ್ಲ ಕೆಸರು" ಎಂದಳು. "ನಮ್ದೇ ಅಜ್ಜಿ. ಏನ್ಮಾಡಾದು."

ಚಿಲಕ ತೆರೆಯಿತು. ಮಾವ ಬೈಯಲಿಲ್ಲ. ನನ್ನ ಕೈಯಿಂದ ಕೋಲನ್ನು ಮೆಲ್ಲಗೆ ತೆಗೆದುಕೊಂಡು, "ನಡಿಯಪ್ಪ, ಹಟ್ಟಿಗೆ ಹೋಗಾಣ" ಎಂದರು. ನಾನು ತಲೆ ತಗ್ಗಿಸಿ ಮಂದೆಯ ನಡುವೆ ಸೇರಿಕೊಂಡೆ. ಹಟ್ಟಿಯ ಬಾಗಿಲಲ್ಲಿ ಮಾವ ಕೋಲು ಅಡ್ಡ ಹಿಡಿದು ಇನ್ನೊಮ್ಮೆ ಎಣಿಸುತ್ತ ಒಂದೊಂದನ್ನೇ ಒಳಗೆ ಬಿಟ್ಟರು. ನನ್ನ ಸರದಿ ಬಂದಾಗಲೂ ಎಣಿಕೆ ನಿಲ್ಲಿಸಲಿಲ್ಲ.