ಹೊಟ್ಟೆಗೋಸ್ಕರ ಸ್ವಲ್ಪ

ಮದುವೆಯಾಗಿ ಇಪ್ಪತ್ತೈದು ವರ್ಷವಾಯಿತೆಂದು ಭಾವಮೈದುನ ಅಂಗಡಿಗೇ ತಂದುಕೊಟ್ಟ ವೈನ್ ಬಾಟಲಿಯನ್ನು ವಾಕ್ಯಣ್ಣ ನೆಟ್ಟಗೆ ಕೈಯಲ್ಲಿ ಹಿಡಿದು ಮನೆಗೆ ಹೋಗಿದ್ದರೆ ಏನೂ ಆಗುತ್ತಿರಲಿಲ್ಲ. ಬಟ್ಟೆಯ ಥಾನಿನೊಳಗೆ ಸುತ್ತಿಕೊಂಡು ಹೊರಟಿದ್ದೇ ಎಡವಟ್ಟಾಯಿತು.

ವಾಕ್ಯಣ್ಣ ವೃತ್ತಿಯಲ್ಲಿ ದರ್ಜಿ. ಗುಂಡಿ ಕಿತ್ತರೂ, ಗಿರಾಕಿ ಜಗಳಕ್ಕೆ ಬಂದರೂ ಸತ್ಯವೇದದಿಂದ, ಅಂದರೆ ಬೈಬಲಿನಿಂದ, ಒಂದು ವಾಕ್ಯ ತೆಗೆದು ಮುಂದೆ ಹಿಡಿಯುತ್ತಿದ್ದುದರಿಂದ ಚರ್ಚಿನ ಸಭೆಯವರು ಇಟ್ಟ ಹೆಸರು ಅದು. ತನ್ನ ಮನೆಯಿದ್ದ ಕಟ್ಟಡದ ಎರಡನೆಯ ಮಹಡಿಯ ಮೆಟ್ಟಿಲಲ್ಲಿ ಥಾನು ಬಿಚ್ಚಿಕೊಂಡಿತು. ಬಾಟಲಿ ಉರುಳುತ್ತ ಹೋಗಿ, ಚರ್ಚಿನಲ್ಲಿ ಆರ್ಗನ್ ನುಡಿಸುವ ಟೀಚರಮ್ಮನ ಕಾಲ ಬಳಿ ನಿಂತಿತು. ಆಕೆ ಸತ್ತ ಇಲಿಯನ್ನು ಬಾಲ ಹಿಡಿದು ಎತ್ತುವಂತೆ ಎರಡೇ ಬೆರಳಲ್ಲಿ ಅದನ್ನು ಎತ್ತಿದರು.

"ಏನಿದು, ವಾಕ್ಯಣ್ಣ?"

"ದ್ರಾಕ್ಷಾರಸ." ವಾಕ್ಯಣ್ಣ ಜಗ್ಗಲಿಲ್ಲ. "ಹೊಟ್ಟೆಗೋಸ್ಕರ ಸ್ವಲ್ಪ ತಗೋ ಅಂತ ಸತ್ಯವೇದದಲ್ಲಿ ಪೌಲನೇ ತನ್ನ ಶಿಷ್ಯ ತಿಮೊಥೆಯನಿಗೆ ಬರೆದಿಲ್ವಾ, ಟೀಚರ್?"

"ತಿಮೊಥೆಯನಿಗೆ ಹೊಟ್ಟೆ ಸರಿ ಇರ್ಲಿಲ್ಲ. ನಿಮಗೇನಾಗಿದೆ? ನಿನ್ನೆ ಚರ್ಚಿನ ಊಟದಲ್ಲಿ ಮೂರು ಸಲ ಬಡಿಸ್ಕೊಂಡ್ರಿ!"

"ಭಾರಿ ನೋವು, ಟೀಚರ್. ಯಾರ ಹತ್ರನೂ ಹೇಳ್ಕೊಂಡಿಲ್ಲ ಅಷ್ಟೆ."

ವಾಕ್ಯಣ್ಣ ಹೇಳಿಕೊಳ್ಳದಿದ್ದುದನ್ನು ಟೀಚರಮ್ಮ ಅರ್ಧ ಗಂಟೆಯಲ್ಲಿ ಇಡೀ ಕಟ್ಟಡಕ್ಕೆ ಹೇಳಿದರು. ಹೆಂಡತಿ ಮಧ್ಯಾಹ್ನದ ಊಟ ಎತ್ತಿಟ್ಟು ಸಪ್ಪೆ ಗಂಜಿ ಕುಡಿಸಿದಳು. ಎದುರು ಮನೆಯವರು ಬಿಸಿನೀರಿನ ಚೀಲ ತಂದು ಹೊಟ್ಟೆಯ ಮೇಲಿಟ್ಟರು. ಮೂರು ಗಂಟೆಗೆ ಟೀಚರಮ್ಮ ಪಾದ್ರಿಗಳನ್ನೇ ಕರೆತಂದರು. ಬಾಟಲಿ ಊಟದ ಮೇಜಿನ ಮಧ್ಯೆ ಆರೋಪಿಯಂತೆ ನಿಂತಿತ್ತು.

"ಆ ಕಾಲದ ದ್ರಾಕ್ಷಾರಸ ಅಂದ್ರೆ ಬರೀ ದ್ರಾಕ್ಷಿ ಜ್ಯೂಸು, ಅಯ್ಯನವರೇ," ಎಂದರು ಟೀಚರಮ್ಮ.

"ಬರೀ ಜ್ಯೂಸಾದ್ರೆ ನೋಹ ಅದನ್ನ ಕುಡಿದು ಯಾಕೆ ಡೇರೆಯೊಳಗೆ ಮೈಮೇಲೆ ಬಟ್ಟೆ ಇಲ್ದೆ ಬಿದ್ದಿದ್ದ?" ಎಂದ ವಾಕ್ಯಣ್ಣ. ಬಟ್ಟೆಯ ವಿಷಯದಲ್ಲಿ ಅವನನ್ನು ಸೋಲಿಸುವವರಿರಲಿಲ್ಲ.

"ಅದಕ್ಕೇ ಮುಟ್ಟಬಾರ್ದು ಅನ್ನೋದು!"

ಪಾದ್ರಿಗಳು ಕೈ ಎತ್ತಿದರು. "ಅಮಲೇರೋದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಔಷಧಿಗೆ ಅಂತ ಸ್ವಲ್ಪ ತಗೊಂಡ್ರೆ ಪಾಪ ಅಂತ ಎಲ್ಲೂ ಇಲ್ಲ. ಆದ್ರೆ ನೋವು ನಿಜ ಆಗಿರ್ಬೇಕು, ವಾಕ್ಯಣ್ಣ. ಸುಳ್ಳು ಹೇಳಿ ಕುಡಿದ್ರೆ ಎರಡೆರಡು ಪಾಪ."

ಕೆಳಮನೆಯ ಡಾಕ್ಟರಿಗೆ ಕರೆ ಹೋಯಿತು. ಎಲ್ಲಿ ಒತ್ತಿದರೂ ನರಳಿಬಿಡುವುದೆಂದು ತೀರ್ಮಾನಿಸಿ ವಾಕ್ಯಣ್ಣ ಮಂಚದ ಮೇಲೆ ಮಲಗಿದ. ಡಾಕ್ಟರು ಪಕ್ಕೆಲುಬಿನ ಕೆಳಗೆ ಎರಡು ಬೆರಳಿಟ್ಟು ಒತ್ತಿದರು. ಸಿದ್ಧಮಾಡಿಕೊಂಡಿದ್ದ ನರಳಾಟ ಬಾಯಿಗೆ ಬರುವ ಮೊದಲೇ ನಿಜವಾದ ಕೂಗು ಹೊರಬಿತ್ತು. ಎಲ್ಲರಿಗಿಂತ ಹೆಚ್ಚು ಬೆಚ್ಚಿದವನು ವಾಕ್ಯಣ್ಣನೇ.

"ಎದೆ ಉರಿ ಎಷ್ಟು ದಿನದಿಂದ?"

"ಎರಡು ತಿಂಗಳಾಯ್ತು. ಗ್ಯಾಸು, ಗ್ಯಾಸು ಅಂತಾರೆ," ಎಂದಳು ಹೆಂಡತಿ.

"ಹುಣ್ಣಾಗಿರೋ ಹಾಗಿದೆ. ಸೋಮವಾರ ಆಸ್ಪತ್ರೆಗೆ ಬನ್ನಿ, ಪರೀಕ್ಷೆ ಮಾಡೋಣ."

ಟೀಚರಮ್ಮನ ಕಣ್ಣು ತೇವವಾಯಿತು. "ಕ್ಷಮಿಸಿ ವಾಕ್ಯಣ್ಣ, ನೀವು ನಾಟಕ ಆಡ್ತಿದೀರ ಅಂದ್ಕೊಂಡಿದ್ದೆ. ವಾಕ್ಯ ನಿಮ್ಮ ಕಡೆಗೇ ಇದೆ. ನಿಮ್ಮ ಹೊಟ್ಟೆಗೋಸ್ಕರ ತಗೊಳ್ಳಿ."

ವಾಕ್ಯಣ್ಣ ಆಗಷ್ಟೇ ಇಸ್ತ್ರಿಯಾದ ಕಾಲರಿನಂತೆ ಸೆಟೆದು ಎದ್ದು, ಬಾಟಲಿಯತ್ತ ಕೈ ಚಾಚಿದ.

"ಏನು ತಗೊಳ್ಳೋದು?" ಡಾಕ್ಟರು ಅವನ ಕೈ ಹಿಡಿದರು. "ಹುಣ್ಣಿನ ಮೇಲೆ ವೈನ್ ಬಿದ್ರೆ ಬೆಂಕಿ! ಒಂದು ತೊಟ್ಟೂ ಕೂಡದು."

"ಆದ್ರೆ ಪೌಲ..."

"ಯಾವ ಆಸ್ಪತ್ರೆ ಡಾಕ್ಟರು ಅವ್ರು? ಈಗ ಯಾರೂ ಆ ಚಿಕಿತ್ಸೆ ಕೊಡಲ್ಲ ಅಂತ ಹೇಳಿ."

"ನನ್ನ ತಮ್ಮ ಪ್ರೀತಿಯಿಂದ ಕೊಟ್ಟಿದ್ದು, ಚೆಲ್ಲೋಕೆ ಮನಸ್ಸು ಬರಲ್ಲ," ಎನ್ನುತ್ತ ಹೆಂಡತಿ ಗ್ಲಾಸುಗಳನ್ನು ತಂದಳು. ನೀರು ದ್ರಾಕ್ಷಾರಸವಾದ ಕಾನಾ ಊರಿನ ಮದುವೆಯನ್ನು ನೆನೆಯುತ್ತ ಪಾದ್ರಿಗಳು ಕುರ್ಚಿ ಎಳೆದುಕೊಂಡರು. ಡಾಕ್ಟರಿಗೆ ಅಂದು ರಜೆ. ಟೀಚರಮ್ಮ ಒಂದು ಕ್ಷಣ ಯೋಚಿಸಿದರು.

"ಅದು ಬರೀ ಜ್ಯೂಸು ಅಂತ ನಾನೇ ಹೇಳಿದೀನಲ್ಲ. ನನಗೂ ಸ್ವಲ್ಪ ಹಾಕಮ್ಮ."

ನಾಲ್ಕು ಗ್ಲಾಸುಗಳಲ್ಲಿ ಕೆಂಪು ತುಂಬಿತು. ವಾಕ್ಯಣ್ಣನ ಮುಂದೆ ಮಾತ್ರ ಒಂದು ಲೋಟ ತಣ್ಣನೆಯ ಹಾಲು ಬಂದು ಕೂತಿತು.

"ವಾಕ್ಯ ಬಲ್ಲೋರು ನೀವು," ಎಂದರು ಪಾದ್ರಿಗಳು, "ದೇವರಿಗೆ ಸ್ತೋತ್ರ ನೀವೇ ಹೇಳಿ."

ಎಲ್ಲರೂ ತಲೆ ಬಾಗಿಸಿದರು. ವಾಕ್ಯಣ್ಣ ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಬಾಟಲಿಯ ತಳದಲ್ಲಿ ಉಳಿದಿದ್ದ ಕೆಂಪಿನ ಮೇಲೆ ನೆಟ್ಟು, ತನಗೆ ದೊರೆತ ಸಕಲ ಒಳಿತಿಗಾಗಿ ಕೃತಜ್ಞತೆ ಹೇಳತೊಡಗಿದ.